ಅತ್ತೆಯ ಹುಂಜಕ್ಕೆ ಎರಡು ಆಲೂಗಡ್ಡೆ

ಮಗಳು ಬೋರಲು ಬೀಳಲು ಕಲಿತ ವಾರ ಅತ್ತೆ ಅವಳನ್ನು ಬಟ್ಟೆಚೀಲದಲ್ಲಿ ಕೂರಿಸಿ, ತಮ್ಮ ಕೋಳಿ ಅಂಗಡಿಯ ಹಳೇ ಕೊಕ್ಕೆ ತಕ್ಕಡಿಗೆ ತೂಗುಹಾಕಿದರು. ತೂಕ ತೋರುವ ಕಡ್ಡಿ ನಿಂತ ಜಾಗವನ್ನು ಉಗುರಿನಲ್ಲಿ ಗೀರಿ, ಮಗುವನ್ನು ನನ್ನ ಕೈಗಿತ್ತು, ಅದೇ ಚೀಲಕ್ಕೆ ತಮ್ಮ ಹುಂಜವನ್ನು ತುರುಕಿದರು. ಕಡ್ಡಿ ಅಲ್ಲೇ ಬಂದು ನಿಂತಿತು.

"ಇಬ್ರೂ ಸಮ. ಯಾರಿಗೂ ಹೊಟ್ಟೆಕಿಚ್ಚು ಬೇಡ," ಎಂದರು.

ಬೀದಿಯಲ್ಲಿ ಅತ್ತೆಗೆ ಹುಂಜಮ್ಮ ಎಂದೇ ಹೆಸರು. ಮಾವ ಇದ್ದಾಗ ಇಬ್ಬರೂ ಕೋಳಿ ಅಂಗಡಿ ನಡೆಸುತ್ತಿದ್ದರು. ಮಾವ ಗಿರಾಕಿಗಳನ್ನು ಮಾತಾಡಿಸುತ್ತಿದ್ದರು, ಅತ್ತೆ ಕುಯ್ಯುತ್ತಿದ್ದರು. ಕುಯ್ದು ಡ್ರಮ್ಮಿಗೆ ಎಸೆದ ಕೋಳಿ ಒಳಗೆ ಬಡಿದುಕೊಳ್ಳುವ ಸದ್ದು ನಿಲ್ಲುವ ಮೊದಲೇ ಮುಂದಿನದರ ಕತ್ತು ಕೈಯಲ್ಲಿರುತ್ತಿತ್ತಂತೆ. ಮಾವ ಹೋದ ಮೇಲೆ ಅಂಗಡಿ ಮುಚ್ಚಿ, ಕುಯ್ಯುವ ಕತ್ತಿಗೆ ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಕೇಳಿದವರಿಗೆಲ್ಲ "ಕೈಗೆ ಸಾಕಾಯ್ತು" ಎಂದಷ್ಟೇ ಹೇಳಿದರು.

ಉಳಿದದ್ದು ಅವರ ತಾಯಿಯಿಂದ ಬಂದ ದೊಡ್ಡ ಕೋಳಿಗಳ ತಳಿ. ಕಾಲ್ಬೆರಳಿನವರೆಗೂ ಗರಿ, ಮೊಣಕಾಲನ್ನು ಮೀರುವ ಎತ್ತರ, ಹಾರಲಾರದಷ್ಟು ಭಾರ. ನಿಧಾನಕ್ಕೆ ಬೆಳೆಯುವ ಇವನ್ನು ಸಾಕುವ ತಾಳ್ಮೆ ಸುತ್ತಮುತ್ತ ಬೇರೆ ಯಾರಿಗೂ ಇರಲಿಲ್ಲ. ಬೀದಿಯ ಸಣ್ಣ ಹುಂಜ ಬೇಲಿಯ ಹತ್ತಿರ ಸುಳಿದರೆ ಅತ್ತೆ ಕಲ್ಲು ಬೀಸುತ್ತಿದ್ದರು. "ನನ್ನ ಹೆಣ್ಮಕ್ಕಳಿಗೆ ಇವನಾ ಗಂಡ?" ಮರಿಗೆಂದು ಜೋಡಿ ಮಾಡುವಾಗ ರೆಕ್ಕೆ ಬಿಡಿಸಿ, ಎದೆಮೂಳೆ ಸವರಿ, ಅಂಗಳದಲ್ಲಿ ನಡೆಸಿ ನೋಡುತ್ತಿದ್ದರು. ನನ್ನನ್ನು ಸೊಸೆ ಮಾಡಿಕೊಳ್ಳುವಾಗ ಇದರಲ್ಲಿ ಅರ್ಧದಷ್ಟೂ ಪರೀಕ್ಷೆ ನಡೆದಿರಲಿಲ್ಲ.

ನನ್ನ ಗಂಡ ವೆಲ್ಡಿಂಗ್ ಕೆಲಸದವರು. ಅತ್ತೆ ಹೇಳಿದಂತೆ ಗೂಡು ಮಾಡಿಕೊಟ್ಟರು. ಅಂಗಡಿಯ ಪಂಜರದ್ದೇ ಅಚ್ಚು, ಅದಕ್ಕಿಂತ ಬಹಳ ದೊಡ್ಡದು, ನಾಲ್ಕೂ ಕಡೆ ತಂತಿಬಲೆ. ಎತ್ತರದಿಂದ ಧುಮುಕಿದರೆ ಈ ಕೋಳಿಗಳ ಕಾಲು ಮುರಿಯುತ್ತದೆಂದು, ಕೂರುವ ಅಡ್ಡಕೋಲನ್ನು ಒಂದು ಗೇಣಿನ ಎತ್ತರದಲ್ಲಿ, ಬಲೆಗೆ ತಾಗಿಸಿ ಅತ್ತೆಯೇ ಕಟ್ಟಿಸಿದರು.

ಪಕ್ಕದ ಮನೆಯ ದರ್ಜಿ ಇಣುಕಿ ಕೇಳಿದ. "ಏನ್ ಹುಂಜಮ್ಮಾ, ಇದು ಗೂಡೋ ಶೋಕೇಸೋ?"

"ನಿನ್ ಅಂಗಡೀಲಿ ಬಟ್ಟೆ ಇಲ್ವಲ್ಲ, ಇಲ್ಲಾದ್ರೂ ನೋಡ್ಕೋ," ಎಂದರು ಅತ್ತೆ.

ಒಂದು ಬೆಳಿಗ್ಗೆ ಹುಂಜ ಕೂಗಲಿಲ್ಲ. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಅಡ್ಡಕೋಲಿನ ಕೆಳಗೆ ಹೇಂಟೆಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದಕ್ಕೂ ತಲೆಯಿರಲಿಲ್ಲ. ಒಂದರ ರೆಕ್ಕೆ ಬುಡದಿಂದ ಕಿತ್ತು ಬಲೆಯ ಆಚೆ ನೇತಾಡುತ್ತಿತ್ತು. ತಂತಿಯ ಕಣ್ಣುಗಳಲ್ಲೆಲ್ಲ ಮಾಂಸದ ಎಳೆ, ಗರಿ. ಮಗಳ ಮುಖವನ್ನು ನನ್ನ ಹೆಗಲಿಗೆ ಒತ್ತಿಕೊಂಡೆ.

ಹುಂಜ ಮೂಲೆಯಲ್ಲಿ ನಿಂತಿತ್ತು. ಜುಟ್ಟು ಅರ್ಧ ಹರಿದು ಕಣ್ಣಿನ ಮೇಲೆ ಜೋತಿತ್ತು. ಕಾಲಿನ ಹಿಂಬದಿಯ ಚೂಪು ಮುಳ್ಳಿಗೆ ಕಂದು ಕೂದಲು ಅಂಟಿತ್ತು. ಮರದ ಪೆಟ್ಟಿಗೆಯಲ್ಲಿ ಕಾವಿಗೆ ಕೂತಿದ್ದ ಹೇಂಟೆಯೂ ಪೆಟ್ಟಿಗೆಯ ಮೇಲೆ ಮಲಗುತ್ತಿದ್ದ ಇನ್ನೊಂದೂ ಬದುಕಿದ್ದವು. ಹೆದರಿದ ಹೇಂಟೆ ಕಾವು ಬಿಟ್ಟು ಎದ್ದಿದ್ದರಿಂದ ಮೊಟ್ಟೆಗಳು ಮಾತ್ರ ತಣ್ಣಗೆ ಕಲ್ಲಾಗಿದ್ದವು.

ಅತ್ತೆ ಹೊರಗಿನಿಂದ ಬಲೆಯೊಳಕ್ಕೆ ಬೆರಳು ತೂರಿಸಿ ನೋಡಿದರು. ಅಡ್ಡಕೋಲು ಸಲೀಸಾಗಿ ಸಿಕ್ಕಿತು.

"ಕಾಡುಬೆಕ್ಕು. ಒಳಗೆ ಬಂದೇ ಇಲ್ಲ. ಆಚೆ ಕೂತ್ಕೊಂಡು ಒಂದೊಂದನ್ನೇ ಎಳ್ಕೊಂಡಿದೆ." ಬೆರಳು ಹಿಂದಕ್ಕೆಳೆದುಕೊಂಡು ಹೇಳಿದರು, "ಅಂಗಡೀಲಿ ಕೋಳಿ ಆಚೆ ಹೋಗ್ದಿದ್ರೆ ಸಾಕಿತ್ತು. ಗಿರಾಕಿಗೆ ಕಾಣಿಸ್ಬೇಕಿತ್ತು. ಇಲ್ಲೂ ಹಾಗೇ ಕಟ್ಟಿಸ್ದೆ. ಗಿರಾಕಿ ಬಂದು ಆರಿಸ್ಕೊಂಡು ಹೋಯ್ತು."

ಅಂದಿನಿಂದ ಹುಂಜಕ್ಕೆ ಅಲುಗಿದ್ದೆಲ್ಲ ಬೆಕ್ಕು. ಪೊರಕೆಗೆ ಒದೆಯಿತು, ಬಕೆಟ್ಟಿಗೆ ಒದೆಯಿತು, ನನ್ನ ಮೀನಖಂಡವನ್ನು ಕುಕ್ಕಿ ರಕ್ತ ತೆಗೆಯಿತು. ಆಮೇಲೆ ಒಂದು ಮಧ್ಯಾಹ್ನ, ತಟ್ಟೆ ಹಿಡಿದು ತಪ್ಪುಹೆಜ್ಜೆ ಇಡುತ್ತ ಅಂಗಳಕ್ಕಿಳಿದ ಮಗಳ ಮುಖಕ್ಕೆ ಎರಡೂ ಕಾಲೆತ್ತಿ ನೆಗೆಯಿತು. ಅವಳು ಅಂಗಾತ ಬಿದ್ದಳು. ಅದು ಎದೆಯ ಮೇಲೆ ಹತ್ತಿತು. ನಾನು ಒದ್ದೆ, ಉರುಳಿ ಎದ್ದು ಮತ್ತೆ ಬಂತು. ಬಕೆಟ್ಟಿನಿಂದ ಬಾರಿಸಿದೆ, ಮತ್ತೂ ಬಂತು. ಅತ್ತೆ ಓಡಿಬಂದು ಕಾಲು ಹಿಡಿದು ತಲೆಕೆಳಗು ಮಾಡಿದ ಮೇಲೇ ನಿಂತದ್ದು. ಮಗಳ ಕೆನ್ನೆ ಕಣ್ಣಿನ ಕೆಳಗೆ ಬಾಯಿ ತೆರೆದಂತೆ ಸೀಳಿತ್ತು. ಹೊಲಿಗೆ ಹಾಕುವಾಗ ನರ್ಸ್ ತಲೆ ಹಿಡಿದರು, ನಾನು ಕಾಲು ಹಿಡಿದೆ. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಮನೆಗೆ ಬಂದವಳೇ ಹೇಳಿದೆ. "ಅತ್ತೆ, ಇವತ್ತೇ ಅದನ್ನ ಕುಯ್ರಿ. ಇಲ್ಲಾಂದ್ರೆ ನಾನೇ ಕುಯ್ತೀನಿ."

"ನಿಂಗೆ ಬರಲ್ಲ ಕಣಮ್ಮ. ಅದಕ್ಕೆ ಹಿಂಸೆ ಆಗತ್ತೆ," ಎಂದು ಅಟ್ಟ ಹತ್ತಿದರು.

ಕತ್ತಿ ಮಸೆದು ಬಂದು ಹುಂಜದ ರೆಕ್ಕೆಗಳನ್ನು ಪಾದದಡಿ ಮೆಟ್ಟಿದರು. ತಲೆ ಹಿಂದಕ್ಕೆ ಎಳೆದು ಕತ್ತಿನ ಗರಿ ಸರಿಸಿದರು. "ಇದು ಸತ್ರೆ ತಳಿ ಮುಗೀತು. ಮುಗೀಲಿ. ಅಮ್ಮನ ಕೋಳಿಗಿಂತ ಮಗು ಕಣ್ಣು ದೊಡ್ಡದು," ಎಂದರು, ನನಗಲ್ಲ, ಹುಂಜಕ್ಕೆ.

ಆ ಹರಿದ ಜುಟ್ಟು ನೋಡಿ ನನ್ನ ಬಾಯಿಂದ ಮಾತು ಬಂತು. "ಅಂಗಡೀಲಿ ಇಂಥ ಜಗಳಗಂಟ ಹುಂಜಕ್ಕೆ ಏನ್ ಮಾಡ್ತಿದ್ರಿ?"

"ಕುಯ್ತಿದ್ವಿ."

"ನಿಮ್ಮಮ್ಮ?"

ಅತ್ತೆ ತಲೆಯೆತ್ತಿದರು. "ಅಮ್ಮ ಆಲೂಗಡ್ಡೆ ಬೇಯಿಸ್ತಿದ್ಲು. ಬಿಸಿಬಿಸೀದು ಚುಚ್ಚಿದ್ರೆ ಕಾಲಿನ ಮುಳ್ಳು ಕಳಚತ್ತೆ, ಆಮೇಲೆ ಒದ್ರೂ ಸೀಳಲ್ಲ."

"ಹಾಗಾದ್ರೆ ಬೇಯಿಸ್ತೀನಿ. ಆದ್ರೆ ಮಗು ಅಂಗಳದಲ್ಲಿದ್ರೆ ಇವನು ಒಳಗೆ, ಬೀಗದೊಳಗೆ. ಇನ್ನೊಂದ್ಸಲ ಹೀಗಾದ್ರೆ ನಾನು ಹಿಂಸೆ ಗಿಂಸೆ ನೋಡಲ್ಲ."

"ಆಯ್ತು," ಎಂದರು.

ಅತ್ತೆ ಕುದಿಬಿಸಿ ಆಲೂಗಡ್ಡೆಯನ್ನು ಒಂದೊಂದು ಮುಳ್ಳಿಗೆ ಚುಚ್ಚಿ ಹಿಡಿದರು. ಮಗಳ ಟವೆಲಿನಲ್ಲಿ ಸುತ್ತಿದ ಹುಂಜವನ್ನು ನಾನೇ ಮಡಿಲಲ್ಲಿ ಅದುಮಿಕೊಂಡಿದ್ದೆ. ಅದರ ಎದೆಬಡಿತ ನನ್ನ ಹೊಟ್ಟೆಗೆ ಹೊಡೆಯುತ್ತಿತ್ತು. ಬಿಸಿಗೆ ಮುಳ್ಳಿನ ಚಿಪ್ಪು ಸಡಿಲವಾದಾಗ ಅತ್ತೆ ಇಕ್ಕಳದಲ್ಲಿ ಹಿಡಿದು ತಿರುಚಿದರು. ಲಟಕ್ಕೆಂದು ಬಂತು. ಹುಂಜ ಕಿರುಚಿ ನನ್ನ ಮೊಣಕೈಯನ್ನು ಕುಕ್ಕಿ ಹರಿಯಿತು. ಒಳಗೆ ಉಗುರು ಕಿತ್ತ ಬೆರಳಿನಂತೆ ಕೆಂಪು ಮೊಂಡು, ಜಿನುಗುವ ರಕ್ತ. ಎರಡನೆಯದಕ್ಕೆ ಅದು ಕಿರುಚಲೂ ಇಲ್ಲ. ಆಲೂಗಡ್ಡೆ ಏನು ಮಾಡಲಿ ಎಂದು ಕೇಳಿದೆ. "ಹೇಂಟೆಗಳಿಗೆ ಹಾಕು. ಗಂಡನಿಂದ ಅಷ್ಟಾದ್ರೂ ಸಿಗಲಿ," ಎಂದರು.

ಗಂಡ ಗೂಡಿನ ಬಲೆ ಕತ್ತರಿಸಿ, ಸೊಂಟದೆತ್ತರಕ್ಕೆ ದಪ್ಪ ಹಲಗೆ ಬಡಿದು, ಮೇಲೆ ಬೆರಳೂ ತೂರದ ಗಟ್ಟಿ ಜಾಲರಿ ಬೆಸೆದರು. ಅಡ್ಡಕೋಲು ಅಷ್ಟೇ ತಗ್ಗಿನಲ್ಲಿ, ಆದರೆ ನಟ್ಟನಡುವೆ ಬಂತು.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲಾ?" ಎಂದ ದರ್ಜಿ.

"ರಾಜ ಇನ್ನೂ ಇದಾನಲ್ಲಪ್ಪ," ಎಂದರು ಅತ್ತೆ.

ಒಂದು ರಾತ್ರಿ ಬೆಕ್ಕು ಮತ್ತೆ ಬಂದಿತ್ತು. ಬೆಳಿಗ್ಗೆ ಹಲಗೆಯ ತುಂಬ ಆಳವಾದ ಉಗುರಿನ ಗೀರು, ಒಂದು ಕಡೆ ಮುರಿದ ಉಗುರೇ ಸಿಕ್ಕಿಕೊಂಡಿತ್ತು. ಒಳಗೆ ಮೂರೂ ತಲೆ ಇದ್ದವು. ಹುಂಜ ಕೂಗಿತು.

ಉಳಿದ ಇನ್ನೊಂದು ಹೇಂಟೆ ಇಟ್ಟ ಮೊಟ್ಟೆಗಳನ್ನು ಅತ್ತೆ ಕಾವಿನ ಹೇಂಟೆಯ ಅಡಿ ಸೇರಿಸಿದ್ದರು. ವಾರ ಕಳೆದು ನನ್ನನ್ನೂ ಮಗಳನ್ನೂ ಉಗ್ರಾಣಕ್ಕೆ ಕರೆದು, ಬಾಗಿಲು ಮುಚ್ಚಿ, ಒಂದು ಮೊಟ್ಟೆಯನ್ನು ಟಾರ್ಚಿನ ಬಾಯಿಗೆ ಹಿಡಿದರು. ಒಳಗೆ ಕೆಂಪು ನೂಲು ಜೇಡನ ಕಾಲಿನಂತೆ ಹರಡಿತ್ತು. ನಡುವೆ ಚುಕ್ಕೆಯೊಂದು ಮಿಡಿಯುತ್ತಿತ್ತು.

"ನೋಡೇ ಚಿನ್ನ, ನಿನ್ನ ಹೊಡೆದವನ ಮಗು."

ಮಗಳು ಮೊಟ್ಟೆಗೆ ಹೊಡೆಯಲು ಕೈಯೆತ್ತಿದಳು. ಅತ್ತೆ ಅದನ್ನು ಎದೆಗವಚಿಕೊಂಡು, ತಮ್ಮ ಕೆನ್ನೆ ಮುಂದೆ ಒಡ್ಡಿದರು.

"ಇಲ್ಲಿ ಹೊಡಿ. ಗೂಡು ಕಟ್ಟಿಸಿದ್ದು ನಾನು."

ಅವಳು ಹೊಡೆದಳು. ಇನ್ನೊಮ್ಮೆ, ಜೋರಾಗಿ. ಅತ್ತೆ ಕೆನ್ನೆ ಸರಿಸಲಿಲ್ಲ. ಅವಳ ಕೈ ಸೋತು ಕೆಳಗಿಳಿದ ಮೇಲೆ ಟಾರ್ಚನ್ನು ನನ್ನ ಕೈಗೆ ಕೊಟ್ಟು, ಮೊಟ್ಟೆ ತಣ್ಣಗಾಗುವ ಮೊದಲು ಗೂಡಿಗೆ ಓಡಿದರು.