ಜೋಡಿ ಲೋಟ

ತಕ್ಕಡಿಯಮ್ಮನ ಮನೆಯಲ್ಲಿ ಈರುಳ್ಳಿ ಹೆಚ್ಚುವುದು ರಜೆಯ ದಿನ ಮಾತ್ರ. ಕೆಲಸದ ದಿನ ಬೆಳಿಗ್ಗೆ ಕಾಫಿಯಿಲ್ಲ, ಘಮಘಮಿಸುವ ಸೋಪಿಲ್ಲ, ತಲೆಗೆ ಎಣ್ಣೆಯಿಲ್ಲ. ಗಂಡ ಬದುಕಿದ್ದಾಗ, “ನನ್ನ ಹೆಂಡ್ತಿ ದಿನವಿಡೀ ವೈನ್ ಬಾಯಿಗೆ ಹಾಕ್ಕೊಂಡು ಒಂದು ತೊಟ್ಟೂ ನುಂಗದೆ ಮನೆಗೆ ಬರ್ತಾಳೆ. ಇಷ್ಟು ಸಂಯಮ ಇರೋಳು ನನ್ನನ್ನ ಹೇಗೆ ಒಪ್ಕೊಂಡ್ಲೋ” ಎಂದು ಬಂದವರೆದುರು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಮೊದಲಿಂದಲೂ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು. ಅದೇ ಮೂಗು ಅವಳಿಗೆ ಅನ್ನ ಹಾಕುತ್ತಿತ್ತು.

ಅವಳ ಕೆಲಸ ರುಚಿ ನೋಡುವುದು. ಕಂಪನಿ ತರಿಸುತ್ತಿದ್ದುದು ಪೋರ್ಚುಗೀಸ್ ವೈನುಗಳನ್ನು ಮಾತ್ರ. ತಯಾರಕರು ಕಳಿಸಿದ ಮಾದರಿ ಬಾಟಲಿಗಳನ್ನು ಮೂವರು ಕೂತು ನೋಡಿ, ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಅವರು ಒಪ್ಪಿದ್ದು ಹಡಗು ಹತ್ತಿ ಬರುತ್ತಿತ್ತು, ಒಪ್ಪದ್ದು ಅಲ್ಲೇ ಉಳಿಯುತ್ತಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ದೊಡ್ಡ ಕಿಟಕಿ, ಉಗುಳಲು ಮರದ ಪುಡಿ ತುಂಬಿದ ಬಕೆಟ್ಟು, ಇಷ್ಟೇ ಆ ಕೋಣೆ. ಮೊದಲು ನಾಲಿಗೆಯ ತುದಿಗೆ ಚುರುಕ್ಕೆನ್ನುವ ಎಳೆಯ ಬಿಳಿ ವೈನು, ಆಮೇಲೆ ಊಟದ ಜೊತೆಗಿನ ಕೆಂಪು, ಕಡೆಗೆ ಪೋರ್ಟ್. ದ್ರಾಕ್ಷಿರಸ ಅರ್ಧ ಹುದುಗಿದಾಗಲೇ ಸಾರಾಯಿ ಬೆರೆಸಿ ತಡೆದ, ಸಿಹಿ ಉಳಿದ ಗಟ್ಟಿ ವೈನದು. ಅದರಲ್ಲೂ ಪೀಪಾಯಿಯಲ್ಲಿ ಹತ್ತು, ಇಪ್ಪತ್ತು ವರ್ಷ ಕೂತು ಕಂದು ಬಣ್ಣಕ್ಕೆ ತಿರುಗಿದ ಟಾನಿ ಪೋರ್ಟ್ ಬಂದರೆ ಅವಳು ಕಣ್ಣು ಮುಚ್ಚುತ್ತಿದ್ದಳು. ಅಕ್ರೋಟು, ಒಣ ಅಂಜೂರ, ಸುಟ್ಟ ಸಕ್ಕರೆ ಎಂದು ಒಂದೊಂದಾಗಿ ಹೇಳುತ್ತಿದ್ದಳು. ಹೇಳುವಾಗ ಮಾತ್ರ ಆ ಮುಖದಲ್ಲಿ ಮೃದುತ್ವ ಕಾಣುತ್ತಿತ್ತು.

ಯಾವ ಲೋಟದಲ್ಲಿ ಯಾವ ವೈನು ಎಂದು ಕೂತವರಿಗೆ ಗೊತ್ತಿರಬಾರದು. ಮರೆಯ ಹಿಂದೆ ನಿಂತು ಸುರಿಯುವವನಿಗೆ ಮಾತ್ರ ಗೊತ್ತು. ಅವನು ಒಂದೇ ಬಾಟಲಿಯದನ್ನು ಗುಟ್ಟಾಗಿ ಎರಡು ಲೋಟಕ್ಕೆ ಸುರಿದು ಒಬ್ಬೊಬ್ಬರ ಸಾಲಿನಲ್ಲೂ ಎಲ್ಲೋ ಸೇರಿಸಿಬಿಡುತ್ತಾನೆ. ಅದಕ್ಕೆ ಜೋಡಿ ಲೋಟ ಎನ್ನುತ್ತಿದ್ದರು. ಒಂದೇ ವೈನಿಗೆ ಒಬ್ಬರು ಎರಡು ಥರದ ಅಂಕ ಕೊಟ್ಟರೆ ಅವರ ಅಂದಿನ ಅಂಕಗಳೆಲ್ಲ ರದ್ದು. ಮೂರು ಸಲ ತಪ್ಪಿದರೆ ಕುರ್ಚಿಯೇ ರದ್ದು.

ತಕ್ಕಡಿಯಮ್ಮ ಒಂದು ಸಲವೂ ತಪ್ಪಿದವಳಲ್ಲ. ಆ ಹೆಸರು ಬಂದದ್ದೇ ಹಾಗೆ. ಸುರಿಯುತ್ತಿದ್ದವನು ಅವಳ ಸ್ವಂತ ತಮ್ಮ. ತಾಯಿ ಸತ್ತ ಮೇಲೆ ಅವಳೇ ಸಾಕಿ, ಅವಳೇ ಕೆಲಸ ಕೊಡಿಸಿದ ಹುಡುಗ. ಸುರಿದು ಮುಗಿದ ಮೇಲೆ ಅಂಕದ ಚೀಟಿಗಳನ್ನು ಯಜಮಾನರ ಕೋಣೆಗೆ ಒಯ್ದು ಓದಿ ಹೇಳುವವನೂ ಅವನೇ. ಬಂದು, “ಅಕ್ಕ, ಸರಿ” ಎನ್ನುತ್ತಿದ್ದ. ಅಷ್ಟು ಸಾಕಿತ್ತು ಅವಳಿಗೆ.

ಮೊದಲು ಅವಳ ಎಡಗಡೆ ಕೂರುತ್ತಿದ್ದವಳು ಮೋಂಬತ್ತಿ. ಉದ್ದಕ್ಕೆ, ಸಣ್ಣಗೆ, ಬೆಳ್ಳಗೆ ಇದ್ದುದರಿಂದ ಆ ಹೆಸರು. ಇಬ್ಬರದೂ ಒಂದೇ ಡಬ್ಬಿಯ ಊಟ, ಒಂದೇ ಬಸ್ಸು. ಮೋಂಬತ್ತಿ ಮೂರನೆಯ ಸಲ ತಪ್ಪಿದ್ದು ಟಾನಿಯಲ್ಲಿ. ಹತ್ತು ವರ್ಷದ್ದಕ್ಕೆ ಮೊದಲು ಚೆನ್ನಾಗಿ ಅಂಕ ಕೊಟ್ಟಳು. ಅದೇ ವೈನು ಇಪ್ಪತ್ತು ವರ್ಷದ್ದರ ಬೆನ್ನಿಗೆ ಮತ್ತೆ ಬಂದಾಗ ಪೇಲವವೆನಿಸಿ ಕಡಿಮೆ ಕೊಟ್ಟುಬಿಟ್ಟಳು. ಯಜಮಾನರು, ಹೋಗಲಿ, ಇನ್ನೊಂದು ಸಲ ನೋಡೋಣ ಎಂದರು. ತಕ್ಕಡಿಯಮ್ಮನೇ ಒಪ್ಪಲಿಲ್ಲ.

“ಸುಳ್ಳು ತೂಗೋ ತಕ್ಕಡೀಲಿ ನೀವು ಬಂಗಾರ ತೂಗಿಸ್ತೀರಾ?” ಎಂದು ಎಲ್ಲರೆದುರು ಕೇಳಿದಳು. ಮೋಂಬತ್ತಿ ಡಬ್ಬಿ ತೆಗೆದುಕೊಂಡು ಎದ್ದುಹೋದಳು. ಈಗ ಅವಳು ಸೋಪಿನ ಅಂಗಡಿಯಲ್ಲಿ ನಿಲ್ಲುತ್ತಾಳೆ. ದಿನವಿಡೀ ಹತ್ತು ಥರದ ಘಾಟು ಕುಡಿದು ಮೂಗು ಸತ್ತುಹೋಗಿದೆ ಎಂದು ಯಾರೋ ಹೇಳಿದಾಗ, “ಇದ್ದಿದ್ರೆ ತಾನೆ ಸಾಯೋಕೆ” ಎಂದಿದ್ದಳು ತಕ್ಕಡಿಯಮ್ಮ. ನಾಲಿಗೆ ಹರಿತವಾಗಿದ್ದುದು ರುಚಿಗೆ ಮಾತ್ರವಲ್ಲ ನೋಡಿ.

ಹೀಗಿರುವಾಗ ಒಂದು ದಿನ ತಮ್ಮ ದವಡೆಹಲ್ಲು ಕೀಳಿಸಿಕೊಂಡು ಮನೆಯಲ್ಲಿ ಮಲಗಿದ. ಅವನ ಬದಲು ಗೋದಾಮಿನ ಮೇಲ್ವಿಚಾರಕರು ಸುರಿದರು. ಅವರಿಗೆ ಅಲ್ಲಿನ ರೀತಿ ಗೊತ್ತಿಲ್ಲ. ಚೀಟಿ ಒಯ್ಯುವ ಬದಲು ಯಜಮಾನರನ್ನೇ ಕೋಣೆಗೆ ಕರೆತಂದು, ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಉಳಿದಿಬ್ಬರದೂ ಸರಿಯಿತ್ತು. ತಕ್ಕಡಿಯಮ್ಮ ಮೂರನೆಯ ಲೋಟಕ್ಕೆ ಹದಿನೇಳು ಕೊಟ್ಟಿದ್ದಳು, ಆರನೆಯದಕ್ಕೆ ಹನ್ನೆರಡು. ಎರಡೂ ಹತ್ತು ವರ್ಷದ ಅದೇ ಟಾನಿ. ನಡುವೆ ಐದನೆಯದಾಗಿ ಇಪ್ಪತ್ತು ವರ್ಷದ್ದು ಕೂತಿತ್ತು.

“ನೀವು ಲೋಟ ಅದಲುಬದಲು ಮಾಡಿದೀರಿ” ಎಂದಳು.

“ಇಲ್ಲಮ್ಮ, ಬಾಟಲಿ ಇಲ್ಲೇ ಇದೆ. ನೀವೇ ಇನ್ನೊಂದ್ಸಲ ನೋಡಿ.”

ನೋಡಿದಳು. ಎರಡೂ ಒಂದೇ. ಈಗ ಗೊತ್ತಾದ ಮೇಲೆ ಹಾಲುಗಲ್ಲದ ಮಗುವೂ ಹೇಳಬಲ್ಲಷ್ಟು ಒಂದೇ.

“ಬಿಡಿ, ಇಷ್ಟು ವರ್ಷದಲ್ಲಿ ಇದೇ ಮೊದಲು” ಎಂದರು ಯಜಮಾನರು. ಸಮಾಧಾನಕ್ಕೆ ಹೇಳಿದ ಮಾತೇ ಅವಳನ್ನು ಚುಚ್ಚಿತು. ಬಸ್ಸಿಗೆ ಕಾಯದೆ ನಡೆಯತೊಡಗಿದಳು. ಮೋಂಬತ್ತಿ ಪಕ್ಕದಲ್ಲಿ ಕೂರುತ್ತಿದ್ದಾಗ ಆಗಾಗ, ‘ಏಯ್, ಇದು ಆಗ್ಲೇ ಬಂದಿತ್ತಲ್ಲ’ ಎಂದು ಪಿಸುಗುಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ತನಗೆ ಹಾಗೆ ಒಂದು ಸಲವೂ ಅನಿಸಿಲ್ಲ. ಒಂದು ಲೋಟವೂ ತನ್ನನ್ನು ಎರಡನೆಯ ಸಲ ಮಾತಾಡಿಸಿಲ್ಲ. ಅದನ್ನು ತನ್ನ ನಿಷ್ಪಕ್ಷಪಾತ ಎಂದುಕೊಂಡಿದ್ದಳು. ಸೇತುವೆ ದಾಟುವ ಹೊತ್ತಿಗೆ ಅವಳಿಗೆ ಬೇರೆಯೇ ಒಂದು ಕಾರಣ ಹೊಳೆಯಿತು. ಹೊಳೆದದ್ದೇ ಕಾಲು ನಿಂತಿತು.

ತಮ್ಮನ ಮನೆಯಲ್ಲಿ ಅವನ ಹೆಂಡತಿ, “ಬನ್ನಿ ಅತ್ತಿಗೆ, ನಿಮ್ಮ ತಮ್ಮ ಗಂಜಿ ಕುಡಿಯೋಕೂ ಸತಾಯಿಸ್ತಿದಾರೆ” ಎಂದು ನಕ್ಕು ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ತಮ್ಮ ಊದಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ.

“ಜೋಡಿ ಲೋಟ ನನ್ನ ಮುಂದೆ ಯಾವತ್ತಾದ್ರೂ ಇಟ್ಟಿದೀಯೇನೋ?”

ಹಲ್ಲುನೋವಿನವನಿಗೆ ಮಾತಾಡದಿರಲು ಒಳ್ಳೆಯ ನೆಪವಿತ್ತು, ಅದನ್ನು ಬಳಸಿಕೊಳ್ಳಲಿಲ್ಲ ಪಾಪ.

“ಮೊದಲು ಇಟ್ಟಿದ್ದೆ ಅಕ್ಕ. ನಾನು ಸೇರಿದ ವರ್ಷ. ನೀನು ಎರಡು ಸಲ ತಪ್ಪಿದೆ. ನಾನು ಒಳಗೆ ಹೋಗಿ ಸರಿ ಇದೆ ಅಂತ ಓದ್ದೆ. ನಿಜ ಓದಿದ್ದಿದ್ರೆ, ಇನ್ನೊಂದ್ಸಲ ತಪ್ಪಿದಾಗ ನೀನು ಮನೇಲಿ. ಭಾವ ಹಾಸಿಗೆ ಹಿಡಿದಿದ್ರು. ನೀನು ಹೋದ್ರೆ ನನ್ನನ್ನೂ ಯಾರು ಇಟ್ಕೊಳ್ತಿದ್ರು? ಆಮೇಲೆ ಇಡೋದನ್ನೇ ಬಿಟ್ಟೆ. ನಿನ್ನ ಸಾಲಲ್ಲಿ ಆ ಜಾಗಕ್ಕೆ ಬೇರೆ ಯಾವುದನ್ನೋ ಸುರೀತಿದ್ದೆ.”

“ಇಷ್ಟು ವರ್ಷ.”

“ಒಂದ್ಸಲ ಶುರು ಮಾಡಿದ ಮೇಲೆ ನಿಲ್ಸೋದು ಹೇಗೆ ಹೇಳು?”

“ಮೋಂಬತ್ತೀನ ನಾನು ಕುರ್ಚಿಯಿಂದ ಎಬ್ಬಿಸಿದಾಗ ನೀನು ಮರೆ ಹಿಂದೆ ನಿಂತಿದ್ದೆ.”

“ಆವತ್ತು ಹೇಳ್ಬೇಕು ಅಂತಾನೇ ಇದ್ದೆ. ಸಂಜೆ ನೀನು ಎಷ್ಟು ಖುಷಿಯಾಗಿದ್ದೆ ಅಂದ್ರೆ…”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ಹೊಲದ ಒಳ್ಳೆಯದಕ್ಕೇ ಎಂದುಕೊಂಡು. ಬೈಯಲು ಬಾಯಿ ತೆರೆದಳು. ಜಗತ್ತಿನಲ್ಲಿ ಎಲ್ಲರಿಗೂ ಸಿದ್ಧವಿರುತ್ತಿದ್ದ ಬೈಗುಳ ಇವನಿಗೆ ಬರಲಿಲ್ಲ. ಅವಳಿಗೆ ಅತ್ಯಂತ ನೋವಾದದ್ದು ಮಾನ ಹೋದದ್ದಕ್ಕಲ್ಲ.

“ಆವತ್ತೇ ಬೀಳೋಕೆ ಬಿಟ್ಟಿದ್ರೆ ಎದ್ದು ಕಲೀತಿದ್ದೆ ಕಣೋ” ಎಂದಳು. “ದೊಡ್ಡದರ ಪಕ್ಕ ಚಿಕ್ಕದು ಪೇಲವ ಕಾಣುತ್ತೆ, ಎರಡು ಗುಟುಕು ನೀರು ಕುಡಿದು ಮತ್ತೆ ನೋಡ್ಬೇಕು ಅನ್ನೋದು ಆವತ್ತೇ ಗೊತ್ತಾಗ್ತಿತ್ತು. ನನಗೆ ನಾಲಿಗೆ ಇತ್ತೋ ಇಲ್ಲವೋ ಅಂತ ಈಗ ಯಾರನ್ನ ಕೇಳಲಿ?”

ತಮ್ಮನ ಕಣ್ಣು ತುಂಬಿತು. ಅವಳದು ತುಂಬಲಿಲ್ಲ. ಮನೆಯಲ್ಲಿ ಯಾವ ಯಾವ ಪೋರ್ಟ್ ಇದೆ ಎಂದು ಕೇಳಿದಳು. ಮಾದರಿ ಬಾಟಲಿಗಳಲ್ಲಿ ಮಿಕ್ಕಿದ್ದನ್ನು ಅವನು ಮನೆಗೆ ತರುವುದು ಅವಳಿಗೆ ಗೊತ್ತಿತ್ತು.

“ಆರು ಲೋಟ ಸುರಿ. ಒಂದು ಜೋಡಿ ಇರ್ಲಿ. ಅಡುಗೆಮನೇಲಿ ಸುರಿ, ಬಾಗಿಲು ಹಾಕ್ಕೋ.”

ಅವನು ಹೋದ. ಬಾಟಲಿಯ ಬಾಯಿ ಗಾಜಿಗೆ ತಾಗುವ ಸದ್ದು ಕೇಳಿಸಿತು. ತಟ್ಟೆ ತಂದು ಅವಳ ಮುಂದಿಟ್ಟ. ಉಗುಳಲು ಬಕೆಟ್ಟಿಲ್ಲದ್ದಕ್ಕೆ ಪಾತ್ರೆಯೊಂದನ್ನು ಮೊಣಕಾಲ ನಡುವೆ ಹಿಡಿದು, ಅವಳು ಇಡೀ ಬದುಕಿನಲ್ಲಿ ನೋಡದಷ್ಟು ನಿಧಾನವಾಗಿ ರುಚಿ ನೋಡಿದಳು. ಉಗುಳಿದಳು, ನೀರು ಕುಡಿದಳು, ಹಿಂದಕ್ಕೆ ಹೋಗಿ ಮತ್ತೆ ನೋಡಿದಳು. ಐದನೆಯ ಲೋಟಕ್ಕೆ ಬಂದಾಗ ನಾಲಿಗೆಯ ಹಿಂಬದಿಯಲ್ಲಿ ಏನೋ ಎದ್ದು ಕೂತಿತು. ಇದು ಆಗಲೇ ಬಂದಿತ್ತು. ಎರಡನೆಯದರಲ್ಲಿ ಬಂದಿತ್ತು. ಒಣ ಅಂಜೂರ, ಅದರ ಹಿಂದೆ ಸಣ್ಣಗೆ ಹಳೆಯ ಮರದ ಕಹಿ. ಬದುಕಿನಲ್ಲಿ ಮೊದಲ ಸಲ ಒಂದು ವೈನು ಅವಳನ್ನು ಗುರುತು ಹಿಡಿದು ಮಾತಾಡಿಸಿತ್ತು.

“ಎರಡು, ಐದು” ಎಂದಳು.

ತಮ್ಮನ ಊದಿದ ಮುಖ ಅರಳಿತು.

“ಅಕ್ಕ, ಸರಿ” ಎಂದ.

ಅವಳು ಅವನ ಮುಖವನ್ನೇ ನೋಡಿದಳು. ತಾನು ತೊಳೆದು, ಒರೆಸಿ, ಶಾಲೆಗೆ ಕಳಿಸಿದ ಮುಖ. ಇಷ್ಟು ವರ್ಷ ಮರೆಯಿಂದ ಬಂದು ಇದೇ ಎರಡು ಮಾತು ಹೇಳುತ್ತಿದ್ದಾಗಲೂ ಅದು ಹೀಗೇ, ಇಷ್ಟೇ ಪ್ರೀತಿಯಿಂದ ಅರಳುತ್ತಿತ್ತು.