ಭಾವನ ಪಕ್ಕದ ಖಾಲಿ ಸೀಟು

ಇಂಟರ್‌ವಲ್ ಮುಗಿದು ದೀಪ ಆರಿದ ಮೇಲೆ, ಎರಡೂ ಕೈಯಲ್ಲಿ ಪಾಪ್‌ಕಾರ್ನ್ ಹಿಡಿದುಕೊಂಡು ಥಿಯೇಟರಿನೊಳಗೆ ನುಗ್ಗುವುದು ನಡುವಯಸ್ಸಿನ ಗಂಡಸು ಮಾಡಬಾರದ ಕೆಲಸಗಳಲ್ಲಿ ಒಂದು. ಭಾಮೈದ ಅದನ್ನು ಮಾಡಿದ. ಕತ್ತಲಲ್ಲಿ ತಡವರಿಸುತ್ತ ಮೊದಲು ಯಾರದೋ ಕಾಲು ತುಳಿದ. ಆಮೇಲೆ ಯಾರೋ ಹೆಂಗಸಿನ ಮಡಿಲಲ್ಲಿ ಅರ್ಧ ಕೂತು, "ರೀ, ಇದು ಸೀಟಲ್ಲ" ಎಂದು ಹೇಳಿಸಿಕೊಂಡ. "ಸಾರಿ, ಸಾರಿ" ಎನ್ನುತ್ತ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಪಕ್ಷಪಾತವಿಲ್ಲದೆ ಪಾಪ್‌ಕಾರ್ನ್ ಹಂಚಿ, ಕೊನೆಗೆ ಭಾವನ ಪಕ್ಕದ ಖಾಲಿ ಸೀಟು ಸಿಕ್ಕಿತಲ್ಲ ಎಂದು ಉಸ್ಸೆಂದು ಕೂತ.

ಅದು ಭಾವನ ಪಕ್ಕದ ಸೀಟಾಗಿರಲಿಲ್ಲ. ಆ ಹಾಲೇ ಬೇರೆ. ಒಂದೇ ಕಟ್ಟಡದಲ್ಲಿ ನಾಲ್ಕು ಪರದೆಗಳಿದ್ದ ಆ ಥಿಯೇಟರಿನಲ್ಲಿ ಅವನು ಎರಡನೆಯ ಬಾಗಿಲಿನಿಂದ ಹೊರಬಿದ್ದು ಮೂರನೆಯ ಬಾಗಿಲಿನಿಂದ ಒಳಹೊಕ್ಕಿದ್ದ. ನಿಜವಾದ ಭಾವ ಗೋಡೆಯ ಆಚೆ ಬದಿಯಲ್ಲಿ ಖಾಲಿ ಸೀಟಿನ ಪಕ್ಕ ಕೂತು ಬೇರೆ ಸಿನಿಮಾ ನೋಡುತ್ತಿದ್ದ.

ಬೇರೆ ಯಾರ ಭಾವನಾದರೂ ಆಗಿದ್ದರೆ ಐದು ನಿಮಿಷದಲ್ಲಿ ಗುಟ್ಟು ರಟ್ಟಾಗುತ್ತಿತ್ತು. ಈ ಭಾವ ಸಿನಿಮಾ ನೋಡುವಾಗ ಮಾತಾಡುವವನಲ್ಲ. ಪಕ್ಕದಲ್ಲಿದ್ದ ಅಪರಿಚಿತನೂ ಮಾತಾಡಲಿಲ್ಲ. ಹಾಗಾಗಿ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ. ಭಾಮೈದ ಪರದೆಯಿಂದ ಕಣ್ಣು ಕೀಳದೆ ಪೊಟ್ಟಣವನ್ನು ಅತ್ತ ಚಾಚಿದ. ಅತ್ತಲಿಂದ ಒಂದು ಕೈ ಬಂದು ಮುಷ್ಟಿ ತುಂಬ ತೆಗೆದುಕೊಂಡಿತು. ಮತ್ತೆ ಚಾಚಿದ, ಮತ್ತೆ ತೆಗೆದುಕೊಂಡಿತು. ಪಾಪ, ಹಸಿದಿರಬೇಕು ಎಂದು ಇಡೀ ಪೊಟ್ಟಣವನ್ನೇ ಕೊಟ್ಟುಬಿಟ್ಟ. ಕೊನೆಯ ದೃಶ್ಯ ಮುಗಿಯುವ ಮುಂಚೆ ಆ ಕೈಯ ಒಡೆಯ ಎದ್ದು ಹೋದಾಗ, ನೂಕುನುಗ್ಗಲಿಗೆ ಮೊದಲೇ ಸ್ಕೂಟರ್ ತೆಗೆಯಲು ಹೋದನೆಂದುಕೊಂಡ. ಹೊರಗೆ ಬಂದು ನೋಡಿದರೆ ಭಾವ ನಿಜಕ್ಕೂ ಸ್ಕೂಟರಿನ ಪಕ್ಕ ನಿಂತಿದ್ದ.

"ಹೊರಡೋಣ್ವಾ?" ಎಂದ ಭಾವ.

"ಹೊರಡೋಣ."

ದಾರಿಯುದ್ದಕ್ಕೂ ಅಷ್ಟೇ ಮಾತು. ಶನಿವಾರ ಹೀಗೆ ಯಾವ ಅಪಾಯವೂ ಇಲ್ಲದೆ ಮುಗಿಯಿತು. ಮರ್ಯಾದೆಗೆ ಸಂಬಂಧಪಟ್ಟ ಭಾಗ ಭಾನುವಾರಕ್ಕೆ ಉಳಿಯಿತು.

ಭಾವ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮೇಲೆ ಮನೆ, ಕೆಳಗೆ ಅಂಗಡಿ. ಅಂಗಡಿಯೊಳಗೆ ಹೊಕ್ಕರೆ ಮೊದಲು ಮೂಗಿಗೆ ಸಿಗುವುದು ಯಂತ್ರದ ಎಣ್ಣೆಯ ವಾಸನೆ, ಆಮೇಲೆ ಕಣ್ಣಿಗೆ ಬೀಳುವುದು ಗೋಡೆಯ ಮೊಳೆಗಳಿಗೆ ನೇತುಹಾಕಿದ ಚರ್ಮದ ಬೆಲ್ಟುಗಳು. ಬಿಚ್ಚಿದ ಯಂತ್ರಗಳು ಹೊಟ್ಟೆ ಮೇಲೆ ಮಾಡಿಕೊಂಡು ಮೇಜಿನ ಮೇಲೆ ಮಲಗಿರುತ್ತವೆ. ಭಾವ ಚಕ್ರವನ್ನು ನಿಧಾನವಾಗಿ ತಿರುಗಿಸಿ, ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾನೆ. "ಆ ಯಂತ್ರದ ಮಾತು ಕೇಳಿಸ್ಕೊಳ್ಳೋ ಅಷ್ಟು ಹೊತ್ತು ನನ್ನ ಮಾತು ಕೇಳಿದ್ದಿದ್ರೆ ನಾನೂ ಇಷ್ಟು ಸದ್ದು ಮಾಡ್ತಿರ್ಲಿಲ್ಲ" ಎನ್ನುವುದು ಅಕ್ಕನ ಹಳೆಯ ದೂರು. ಮದುವೆಯಾದ ಹೊಸದರಲ್ಲಿ ಅವನ ಬಾಯಿ ಬಿಡಿಸಲೆಂದೇ ಅವಳು ಜಗಳ ತೆಗೆದು ನೋಡಿದ್ದಳಂತೆ. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿ ಕೈ ಸೋತು ಬಿಟ್ಟಳು.

ಹಾಗೆಂದು ಭಾವ ಗರ್ವಿಯಲ್ಲ. ಎದುರಿಗಿದ್ದವರ ಮುಖ ಸಣ್ಣದಾಗುವ ಮಾತು ಮಾತ್ರ ಅವನ ಬಾಯಿಂದ ಬರುವುದಿಲ್ಲ. ಮಾತುಗಳಲ್ಲಿ ಮುಕ್ಕಾಲು ಪಾಲು ಅಂಥವೇ ಆದ್ದರಿಂದ ಅವನಿಗೆ ಉಳಿಯುವುದು ಕಡಿಮೆ. ಒಮ್ಮೆ ಒಬ್ಬ ಗೃಹಸ್ಥ ಮೂರನೆಯ ಮಹಡಿಯಿಂದ ಹೆಂಡತಿಯ ಯಂತ್ರವನ್ನು ಇಬ್ಬರ ಕೈಲಿ ಹೊರಿಸಿಕೊಂಡು ಬಂದ. ಚಕ್ರ ತಿರುಗುತ್ತದೆ, ಸೂಜಿ ಕದಲುವುದಿಲ್ಲ. ಬಾಬಿನ್ನಿಗೆ ದಾರ ಸುತ್ತುವಾಗ ಚಕ್ರದಲ್ಲಿ ಸಡಿಲಿಸಿದ ತಿರುಪನ್ನು ಮತ್ತೆ ಬಿಗಿಯಲು ಮರೆತಿದ್ದರು, ಅಷ್ಟೇ. ಎರಡು ಬೆರಳಲ್ಲಿ ತಿರುಗಿಸಿದರೆ ಆಗಿಹೋಗುವ ಕೆಲಸ. ಭಾವ ಎರಡು ಬೆರಳನ್ನೂ ಜೇಬಿನಲ್ಲಿಟ್ಟುಕೊಂಡು, "ನಾಳೆ ಬನ್ನಿ" ಎಂದ. ಮರುದಿನ ಯಂತ್ರವನ್ನು ಒರೆಸಿ ಎಣ್ಣೆ ಬಿಟ್ಟು ಕೊಟ್ಟು, "ಒಳಗಡೆ ಸ್ವಲ್ಪ ಸಡಿಲ ಆಗಿತ್ತು" ಎಂದ. ಆ ಗೃಹಸ್ಥ ಇವತ್ತಿಗೂ ತನ್ನ ಯಂತ್ರಕ್ಕೆ ಬಂದಿದ್ದ ದೊಡ್ಡ ಕಾಯಿಲೆಯ ಕಥೆ ಹೇಳಿಕೊಂಡು ತಿರುಗುತ್ತಾನೆ.

ಇಂಥವನಿಗೆ ಇದ್ದದ್ದು ಸಿನಿಮಾದ ಚಟವೊಂದೇ. ಶನಿವಾರ ಬಂತೆಂದರೆ ಯಾವುದಿದ್ದರೆ ಅದು, ಸಿಕ್ಕ ಟಿಕೆಟ್ಟಿಗೆ ಹೋಗಿ ಚಪ್ಪಲಿ ಬಿಚ್ಚಿ ಕೂತುಬಿಡುವನು. ಮನೆಗೆ ಬಂದಾಗ ಅಕ್ಕ, "ಹೇಗಿತ್ತು?" ಎಂದರೆ, "ಮುಗೀತು" ಎನ್ನುವನು. ಅವನಿಂದ ಹೊರಬಿದ್ದ ಅತಿ ದೀರ್ಘ ವಿಮರ್ಶೆ ಅದು.

ಇಷ್ಟಾದರೂ ಆ ಬೀದಿಯ ಸಿನಿಮಾ ಹುಚ್ಚರು ಭಾನುವಾರ ಬೆಳಿಗ್ಗೆ ಸೇರುತ್ತಿದ್ದದ್ದು ಅವನ ಅಂಗಡಿಯಲ್ಲೇ. ಬೆಂಚಿತ್ತು, ಮೇಲಿನಿಂದ ಚಹಾ ಬರುತ್ತಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಅಡ್ಡಮಾತಾಡದೆ ಕೇಳುವವನೊಬ್ಬನಿದ್ದ. ಎದುರು ಅಂಗಡಿಯ ಟೈಲರಕ್ಕ ಬರುತ್ತಿದ್ದಳು. ಅವಳ ಕತ್ತರಿ ಬಟ್ಟೆಗೆ, ನಾಲಿಗೆ ಸಿನಿಮಾಕ್ಕೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬರುತ್ತಿದ್ದರು. ಅವರಿಗೆ ಅರ್ಥವಾಗದ ಸಿನಿಮಾ ಜಗತ್ತಿನಲ್ಲಿ ಇನ್ನೂ ತಯಾರಾಗಿರಲಿಲ್ಲ, ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡಿರಲಿಲ್ಲ ಅನ್ನುವುದು ಹೆಚ್ಚು ಸರಿ. ಇನ್ನು ಭಾಮೈದ. ವಿಮಾ ಕಚೇರಿಯಲ್ಲಿ ಗುಮಾಸ್ತ, ಬೆಂಚಿನ ಮೇಲೆ ವಿಮರ್ಶಕ. ಕಚೇರಿಯಲ್ಲಿ ಯಾರೂ ಕೇಳದ ಅವನ ಅಭಿಪ್ರಾಯಗಳೆಲ್ಲ ವಾರವಿಡೀ ಕೂಡಿಕೊಂಡು ಭಾನುವಾರ ಕಟ್ಟೆಯೊಡೆಯುತ್ತಿದ್ದವು.

ಆ ಭಾನುವಾರ ಮಾತಿಗೆ ತೂಕವಿತ್ತು. ಬಡಾವಣೆಯ ಲೈಬ್ರರಿಯವರು ತಿಂಗಳಿಗೊಂದು ಸಿನಿಮಾ ತೋರಿಸುವುದೆಂದೂ, ಮೊದಲ ಪ್ರದರ್ಶನಕ್ಕೆ ಮುಂಚೆ ಈ ಬೆಂಚಿನವರಲ್ಲಿ ಒಬ್ಬರು ವೇದಿಕೆ ಹತ್ತಿ ನಾಲ್ಕು ಮಾತಾಡಬೇಕೆಂದೂ ಹೇಳಿ ಕಳಿಸಿದ್ದರು. ಆ ಒಬ್ಬರು ಯಾರೆಂದು ಇವತ್ತು ತೀರ್ಮಾನವಾಗಬೇಕು. ಕಣದಲ್ಲಿದ್ದವರು ಇಬ್ಬರು, ಭಾಮೈದ ಮತ್ತು ಟೈಲರಕ್ಕ. ಭಾಮೈದ ಆಗಲೇ ವೇದಿಕೆಗೆಂದು ಹೊಸ ಅಂಗಿ ಹೊಲಿಸಿಯಾಗಿತ್ತು. ಹೊಲಿದವಳು ಟೈಲರಕ್ಕನೇ ಆದ್ದರಿಂದ ಅವನ ಆಸೆಯ ಅಳತೆ ಅವಳಿಗೆ ಕಾಲರಿನಿಂದ ಕೈತೋಳಿನವರೆಗೆ ಗೊತ್ತಿತ್ತು.

"ನಿನ್ನೆ ಎಲ್ರೂ ಒಂದೇ ಸಿನಿಮಾ ನೋಡಿದ್ದೀವಿ" ಎಂದಳು ಅವಳು. "ಅದೇ, ಬ್ರೆಡ್ ಅಂಗಡಿ ತಾಯಿ-ಮಗಳ ಕಥೆ. ಶುರು ಮಾಡಿ ವಿಮರ್ಶಕರೇ."

ಭಾಮೈದ ಗಂಟಲು ಸರಿಮಾಡಿಕೊಂಡ. "ಒಂದು ಮಾತು ಹೇಳ್ತೀನಿ, ಬರೆದಿಟ್ಕೊಳ್ಳಿ. ಇಷ್ಟು ಧೈರ್ಯದ ಸಿನಿಮಾ ನಾನು ನೋಡೇ ಇಲ್ಲ. ಮೊದಲರ್ಧ ಏನಿದೆ? ಅಮ್ಮ ಹಿಟ್ಟು ನಾದ್ತಾಳೆ, ಮಗಳು ಮಾತು ಬಿಟ್ಟಿದ್ದಾಳೆ, ಮನೆ ತುಂಬ ಮೌನ. ಇಂಟರ್‌ವಲ್. ಬೇರೆ ಯಾವ ಡೈರೆಕ್ಟರ್ ಆಗಿದ್ರೂ ಅದನ್ನೇ ಎಳೀತಿದ್ದ. ಇವನು ಏನ್ ಮಾಡ್ದ? ಸೀದಾ ಸಮುದ್ರದ ತಳಕ್ಕೆ ಕರ್ಕೊಂಡು ಹೋದ."

"ಎಲ್ಲಿಗೆ?" ಎಂದಳು ಟೈಲರಕ್ಕ.

"ಸಬ್‌ಮೆರೀನು. ಯುದ್ಧ. ಅಮ್ಮ ಕೂದಲು ಕತ್ತರಿಸಿ ಕ್ಯಾಪ್ಟನ್ ಆಗಿದ್ದಾಳೆ. ಯಾಕೆ ಕತ್ತರಿಸಿದ್ಲು? ದುಃಖ. ಅದನ್ನ ಬಾಯಿಬಿಟ್ಟು ಹೇಳಲ್ಲ, ನಾವೇ ಅರ್ಥ ಮಾಡ್ಕೋಬೇಕು. ಅಲ್ಲಿ ಕಿವಿಗೆ ಯಂತ್ರ ಹಾಕ್ಕೊಂಡು ನೀರಿನ ಸದ್ದು ಕೇಳೋ ಹುಡುಗಿ ಇದ್ದಾಳಲ್ಲ, ಅವಳೇ ಮಗಳು. ಅಮ್ಮನ ಮಾತು ಕೇಳದವಳು ಈಗ ಇಡೀ ಸಮುದ್ರ ಕೇಳಿಸ್ಕೋತಿದ್ದಾಳೆ. ಅಬ್ಬಾ, ನಂಗೆ ಮೈ ಜುಮ್ಮಂತು."

ಟೈಲರಕ್ಕ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಚಾವಣಿ ನೋಡಿದರು. ಅವರೂ ಆ ಸಿನಿಮಾ ನೋಡಿದ್ದರು. ಸಬ್‌ಮೆರೀನ್ ನೋಡಿರಲಿಲ್ಲ. ತಾವು ನೋಡದ್ದನ್ನು ಇನ್ನೊಬ್ಬ ನೋಡಿದ್ದಾನೆಂದರೆ ಅದಕ್ಕೆ ಆಳವಾದ ಕಾರಣವಿರಲೇಬೇಕು.

"ಹೂಂ" ಎಂದರು ಮೇಷ್ಟ್ರು ಗಂಭೀರವಾಗಿ. "ಸಬ್‌ಮೆರೀನ್ ಅಂದ್ರೆ ಮನಸ್ಸಿನ ಆಳ. ಎಲ್ರಿಗೂ ಅದು ಕಾಣಲ್ಲಮ್ಮ."

"ನಂಗೆ ಕಂಡಿದ್ದು ಬ್ರೆಡ್ಡು" ಎಂದಳು ಟೈಲರಕ್ಕ. "ಅಮ್ಮ ಒಲೆ ಮಾರಕ್ಕೆ ಹೊರಡ್ತಾಳೆ, ಮಗಳು ವಾಪಸ್ ಬರ್ತಾಳೆ, ಇಬ್ರೂ ಮಾತಿಲ್ಲದೆ ಹಿಟ್ಟು ನಾದ್ತಾರೆ. ಹಾಲಿಗೆ ಹಾಲೇ ಅಳ್ತಿತ್ತು. ನಮ್ಮೆಜಮಾನ್ರು ನನ್ನ ಸೆರಗಲ್ಲಿ ಮೂಗು ಒರೆಸ್ಕೊಂಡ್ರು. ಎಲ್ಲಿತ್ತು ನಿಮ್ಮ ಯುದ್ಧ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜಾತಿಗೆ ಸೇರಿದ ಭಾಮೈದ ಇನ್ನೂ ಕುಗ್ಗಲಿಲ್ಲ. "ನೀವು ಅಳೋದ್ರಲ್ಲಿ ಮುಳುಗಿದ್ರಿ, ನೋಡಿಲ್ಲ. ಬೇಕಿದ್ರೆ ಭಾವನ್ನ ನೋಡಿ. ಎಷ್ಟು ಲೀನವಾಗಿದ್ರು ಅಂದ್ರೆ ಕತ್ತಲಲ್ಲಿ ಒಂದಿಡೀ ಪೊಟ್ಟಣ ಪಾಪ್‌ಕಾರ್ನ್ ಖಾಲಿ ಮಾಡಿದ್ರು."

ಆ ಹೊತ್ತಿಗೆ ಸರಿಯಾಗಿ ಅಕ್ಕ ಚಹಾ ತಟ್ಟೆ ಹಿಡಿದು ಮೆಟ್ಟಿಲಿಳಿದಳು. "ಇವರಾ? ಲೋ, ದವಡೆ ಹಲ್ಲು ಕೀಳಿಸಿದ ಮೇಲೆ ಇವರು ಪಾಪ್‌ಕಾರ್ನ್ ಮುಟ್ಟಿದ್ದೇ ಇಲ್ವಲ್ಲೋ."

ಭಾಮೈದ ಭಾವನ ಕೈ ನೋಡಿದ. ತೆಳ್ಳನೆಯ, ಉದ್ದ ಬೆರಳಿನ, ಎಣ್ಣೆ ಕಲೆಯ ಕೈ. ನಿನ್ನೆ ಪೊಟ್ಟಣಕ್ಕಿಳಿದ ಕೈ ದಪ್ಪಗಿತ್ತು, ಒಂದು ಉಂಗುರವೂ ಇತ್ತು. ಎರಡನೆಯ ಬಾಗಿಲು, ಮೂರನೆಯ ಬಾಗಿಲು, ಆ ಹೆಂಗಸಿನ ಮಡಿಲು, ಇದ್ದಕ್ಕಿದ್ದಂತೆ ಬದಲಾದ ಬ್ರೆಡ್ ಅಂಗಡಿ, ಎಲ್ಲವೂ ಒಟ್ಟಿಗೆ ಬಂದು ಅವನ ಎದುರು ಸಾಲಾಗಿ ನಿಂತವು. "ತಪ್ಪು ಹಾಲಿಗೆ ಹೋಗಿದ್ದೆ" ಎಂಬ ಮೂರು ಪದ ಹೇಳಿ ನಕ್ಕುಬಿಟ್ಟಿದ್ದರೆ ಎಲ್ಲರೂ ನಗುತ್ತಿದ್ದರು. ಆದರೆ ಯಾವ ಬಾಗಿಲೆಂದು ಗೊತ್ತಾಗದವನನ್ನು ಯಾರು ವೇದಿಕೆ ಹತ್ತಿಸುತ್ತಾರೆ? ಹೊಸ ಅಂಗಿ ಮನೆಯಲ್ಲಿ ಇಸ್ತ್ರಿಯಾಗಿ ಕಾಯುತ್ತಿತ್ತು.

"ಅದು... ನೋಡೋರ ಕಣ್ಣಿಗೆ ಬಿಟ್ಟಿದ್ದು" ಎಂದ, ಸಣ್ಣ ದನಿಯಲ್ಲಿ.

"ಹಾಗೇ" ಎಂದರು ಮೇಷ್ಟ್ರು.

"ನೀವು ಸುಮ್ನಿರಿ ಮೇಷ್ಟ್ರೇ" ಎಂದಳು ಟೈಲರಕ್ಕ. "ಕಣ್ಣಿಗೆ ಬಿಟ್ರೆ ಬ್ರೆಡ್ಡು ಕರಗಬಹುದು, ಯುದ್ಧನೌಕೆ ಹುಟ್ಟಲ್ಲ. ಅದೇ ಥಿಯೇಟರು, ಅದೇ ಆಟ. ಇವರು ಪಾಪ್‌ಕಾರ್ನ್ ಸಾಲಲ್ಲಿ ನಿಂತಿದ್ದನ್ನ ನಾನೇ ನೋಡಿದ್ದೀನಿ." ಅವಳು ಬೆಂಚಿನ ಮೇಲೆ ಪೂರ್ತಿ ಭಾವನ ಕಡೆ ತಿರುಗಿ ಕೂತಳು. "ಅಣ್ಣಾ, ನೀವು ಇವರ ಜೊತೆಗೇ ಹೋಗಿದ್ರಿ. ಈ ಬೀದೀಲಿ ನಿಮ್ಮ ಮಾತಿಗೆ ಎದುರು ಮಾತಿಲ್ಲ."

"ಮಾತಾಡಿದ್ರೆ ತಾನೆ ಎದುರು ಮಾತು" ಎಂದಳು ಅಕ್ಕ.

"ಇವತ್ತು ಆಡ್ಲೇಬೇಕು. ನಾನು ಪಟ್ಟು ಹಿಡಿಯಲ್ಲ. ಸಬ್‌ಮೆರೀನ್ ಇತ್ತು ಅಂತ ನೀವಂದ್ರೆ ಲೈಬ್ರರಿಗೆ ಇವರೇ ಹೋಗ್ಲಿ, ಅಂಗಿಗೆ ಇನ್ನೊಂದು ಜೇಬು ಬೇಕಾದ್ರೂ ಹಚ್ಚಿಕೊಡ್ತೀನಿ. ಇಲ್ಲ ಅಂದ್ರೆ ನಾನು ಹೋಗ್ತೀನಿ."

ಭಾಮೈದನಿಗೆ ಓಡಿಹೋಗಬೇಕೆನ್ನಿಸಿತು. ಖಾಲಿ ಸೀಟಿನ ಪಕ್ಕ ಅರ್ಧ ಸಿನಿಮಾ ನೋಡಿದವನು ಜಗತ್ತಿನಲ್ಲಿ ಒಬ್ಬನೇ, ಮತ್ತು ಆ ಒಬ್ಬ ಸುಳ್ಳು ಹೇಳುವವನಲ್ಲ. ಇಲ್ಲ ಎಂದರೆ ಇವನ ಮಾನ ಹೋಗುತ್ತದೆ, ಇತ್ತು ಎಂದರೆ ಟೈಲರಕ್ಕನ ಕಣ್ಣೇ ಸುಳ್ಳಾಗುತ್ತದೆ. ಭಾವ ಯಂತ್ರದ ಹಲ್ಲಿನ ಸಂದಿಯಿಂದ ದಾರದ ಕಸವನ್ನು ಚಿಮುಟದಲ್ಲಿ ಎಳೆದು, ಬೆಳಕಿಗೆ ಹಿಡಿದು ನೋಡಿ, ಡಬ್ಬಿಗೆ ಹಾಕಿದ. ಕೈ ಒರೆಸಿಕೊಂಡ. ಚಹಾದ ಲೋಟ ತೆಗೆದುಕೊಂಡ. ಮೇಷ್ಟ್ರೂ ಚಾವಣಿ ಬಿಟ್ಟು ಅವನನ್ನೇ ನೋಡತೊಡಗಿದರು.

"ಹೇಳಿ ಅಣ್ಣಾ" ಎಂದಳು ಟೈಲರಕ್ಕ. "ಸಬ್‌ಮೆರೀನ್ ಇತ್ತೋ, ಇಲ್ವೋ?"

ಭಾವ ಒಂದು ಗುಟುಕು ಕುಡಿದ.

"ನನ್ನ ಮುಂದೆ ಕೂತೋರು ಸ್ವಲ್ಪ ಎತ್ತರ ಇದ್ರು" ಎಂದ. "ಪರದೆಯ ಕೆಳಗಿನ ಅರ್ಧ ನಂಗೆ ಕಾಣಿಸ್ತಿರ್ಲಿಲ್ಲ. ಸಬ್‌ಮೆರೀನ್ ಇದ್ದಿದ್ರೆ ಅಲ್ಲೇ ಇದ್ದಿರಬೇಕು."