ಜೊಂಡಿನ ಮಂಚ

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಜಾತಕಕ್ಕಿಂತ ಜೊಂಡು ದೊಡ್ಡದು. ನಗಬೇಡಿ. ಅಥವಾ ನಗಿ, ಈಗ ನನಗೂ ನಗುವೇ ಬರುತ್ತದೆ. ಆದರೆ ಆ ಬೆಳಗ್ಗೆ ನನ್ನ ಮದುವೆಯ ಮಾತು ಒಂದು ಜೊಂಡಿನ ಕಡ್ಡಿಯ ಮೇಲೆ ನಿಂತಿದ್ದಾಗ ನನಗೆ ಜೀವವೇ ಬಾಯಿಗೆ ಬಂದಿತ್ತು.

ದೊಡ್ಡಗಾಜನೂರಿನ ನಮ್ಮ ಹೊಲದ ಕೆಳಗೆ ಒಂದು ಸಣ್ಣ ಕೆರೆ. ಮೊಣಕಾಲುದ್ದ ನೀರು ನಿಲ್ಲುವ ಅಂಚಿನಲ್ಲೆಲ್ಲ ಜೊಂಡು. ದೂರದಿಂದ ನೋಡಿದವರು ಹುಲ್ಲು ಅನ್ನುತ್ತಾರೆ. ನಮ್ಮಜ್ಜಿಯ ಮುಂದೆ ಹಾಗಂದು ನೋಡಿ. "ಉಲ್ಗಾದ್ರ ಗೆಣ್ಣದ. ಇದ್ಕೆಲ್ಲದ ಗೆಣ್ಣು? ಇಡ್ದು ನೋಡು" ಎಂದು ಕಡ್ಡಿಯನ್ನೇ ಕೈಗೆ ತುರುಕುತ್ತಾಳೆ. ನಿಜ, ಬುಡದಿಂದ ತುದಿಯವರೆಗೆ ಒಂದೂ ಗೆಣ್ಣಿಲ್ಲ. ಒಳಗೆ ಟೊಳ್ಳೂ ಇಲ್ಲ, ಬರೀ ಬಿಳಿ ಬೆಂಡು. ಬೆರಳಲ್ಲಿ ಹೊರಳಿಸಿದರೆ ದುಂಡಗೆ ಹೊರಳುವುದಿಲ್ಲ, ಮೂರು ಏಣು ಕೈಗೆ ತಾಗುತ್ತವೆ. ತುದಿಯಲ್ಲಿ ಕಂದು ಹೂವಿನ ಕುಚ್ಚು, ಅದರಡಿ ಕೊಡೆಯ ಕಡ್ಡಿಗಳ ಹಾಗೆ ಬಿಚ್ಚಿಕೊಂಡ ಉದ್ದನೆಯ ಎಲೆಗಳು. ಕೊಯ್ದಷ್ಟೂ ಬರುತ್ತದೆ, ಯಾಕೆಂದರೆ ಕೆಸರಿನೊಳಗೆ ಅದರ ಬೇರುಗಡ್ಡೆ ಅಡ್ಡಡ್ಡ ಹರಿದುಕೊಂಡು ಹೋಗುತ್ತದೆ. ಆನೆ ಬಂದು ತುಳಿದು ಮಲಗಿಸಿದ ಕಡೆಯೂ ಒಂದು ಮಳೆ ಬಿದ್ದರೆ ಮತ್ತೆ ಎದ್ದು ನಿಂತಿರುತ್ತದೆ.

ಎಳೆಯದು ಎಮ್ಮೆಗೆ, ಬಲಿತದ್ದು ಅಜ್ಜಿಗೆ. ಅವಳು ಕಡ್ಡಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಬೆಂಡು ಕೆರೆದು, ಬಿಸಿಲಿಗೆ ಹಾಕಿ ಚಾಪೆ ನೇಯುತ್ತಾಳೆ. ತಮಿಳಿನಲ್ಲಿ ಚಾಪೆಗೆ ಪಾಯ್ ಅನ್ನುತ್ತಾರೆ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಸಂತೆಯಲ್ಲಿ ಯಾರಾದರೂ "ಪಾಯ್ ಇರುಕ್ಕಾ" ಎಂದು ಕೇಳಿದರೆ, ತಮಿಳು ಚೆನ್ನಾಗಿಯೇ ಬರುವ ನಮ್ಮಜ್ಜಿ ಬೇಕೆಂದೇ, "ಪಾಯ ಬೇಕಾದ್ರ ಮನ ಕಟ್ಟವ್ನ ಕೇಳು, ನನ್ ತಾವ ಇರಾದು ಚಾಪ" ಎನ್ನುತ್ತಾಳೆ. ಅವರೂ ಬೇಕೆಂದೇ ವಾರವಾರವೂ ಪಾಯ್ ಎಂದೇ ಕೇಳುತ್ತಾರೆ.

ಇನ್ನು ಮದುವೆಯ ವಿಷಯ. ಹೆಣ್ಣು ನೋಡುವ ದಿನ ಗಂಡೂ ಹೆಣ್ಣೂ ಕೆರೆಯ ಏರಿಗೆ ಹೋಗಬೇಕು. ಒಂದು ಜೊಂಡು ಕಿತ್ತು, ಆ ತುದಿಯಿಂದ ಒಬ್ಬರು ಈ ತುದಿಯಿಂದ ಒಬ್ಬರು ಉಗುರಿನಲ್ಲಿ ಸೀಳುತ್ತ ಬರಬೇಕು. ಎರಡು ಸೀಳುಗಳೂ ನಡುವೆ ಸೇರಿದಾಗ ನಾಲ್ಕು ಮೂಲೆಯ ಚೌಕಟ್ಟು ಬಿಚ್ಚಿಕೊಂಡರೆ ಅದಕ್ಕೆ ಮಂಚ ಅನ್ನುತ್ತೇವೆ. ಮಂಚವಾದರೆ ತಾಂಬೂಲ. ಕಡ್ಡಿ ಎರಡು ಹೋಳಾದರೆ ಉಪ್ಪಿಟ್ಟು ತಿನ್ನಿಸಿ ಬಸ್ಸು ಹತ್ತಿಸುವುದು. ನಮ್ಮ ಚಿಕ್ಕತ್ತೆಗೆ ಬಂದಿದ್ದ ಒಬ್ಬ ವರನನ್ನು ಅಜ್ಜಿ ಹೀಗೇ ಬಸ್ಸು ಹತ್ತಿಸಿದ್ದಳಂತೆ. ಎರಡನೇ ಕಡ್ಡಿ ಕೊಡುವ ಪದ್ಧತಿ ಇಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಮ್ಮಪ್ಪ ಅಜ್ಜಿಯ ಮುಂದೆ ಬೆಕ್ಕಿನಮರಿ, ಅವನಿಂದ ಏನೂ ಆಗುತ್ತಿರಲಿಲ್ಲ.

ನನ್ನನ್ನು ನೋಡಲು ಬಂದ ಗಂಡು ಗೆಟ್ಟವಾಡಿಯವರು. ನಾನೂ ಅವರೂ ಕೆಲಸಕ್ಕೆಂದು ದಿನಾ ಚಾಮರಾಜನಗರದ ಒಂದೇ ಬಸ್ಸು ಹಿಡಿಯುತ್ತಿದ್ದೆವು. ಕಿಟಕಿ ಹಾಕಿ ಅಂದರೆ ಹಾಕುವರು. ಗಾಳಿ ಇಲ್ಲ, ತೆಗೀರಿ ಅಂದರೆ ತೆಗೆಯುವರು. ಬೇಕೆಂದೇ ಮತ್ತೆ ಹಾಕಿ ಅಂದರೆ ಅದಕ್ಕೂ ಹೂಂ. ಇಂಥ ಗಂಡಸು ಬೇರೆ ಬಸ್ಸಿನಲ್ಲಿ ಸಿಗುವುದಿಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಅವರೇ ಬೇಕಿತ್ತು.

ಜೊಂಡಿನ ಗುಟ್ಟು ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತು. ಇಬ್ಬರೂ ಒಂದೇ ಏಣಿನಿಂದ ಸೀಳಿದರೆ ಹೋಳಾಗುತ್ತದೆ, ಬೇರೆ ಬೇರೆ ಏಣು ಹಿಡಿದರೆ ಮಂಚವಾಗುತ್ತದೆ. ಅಷ್ಟೇ. ಗೆಟ್ಟವಾಡಿಯವರಿಗೆ ಇದು ಹೇಗೆ ಗೊತ್ತಿರಬೇಕು? ಕಣ್ಣಲ್ಲೇ ತಿಳಿಸಿದರಾಯಿತು ಅಂದುಕೊಂಡೆ.

ಅವತ್ತು ಅವರು ಹಣೆಗೆ ದಪ್ಪ ವಿಭೂತಿ ಹಚ್ಚಿ ಅವ್ವನ ಜೊತೆ ಬಂದರು. ಏರಿಯ ಮೇಲೆ ಅಜ್ಜಿ ಕಡ್ಡಿ ಕೊಟ್ಟಳು. ನಾನು ನನ್ನ ಏಣಿಗೆ ಉಗುರಿಟ್ಟು ಅವರನ್ನು ನೋಡಿದೆ. ಕಣ್ಣಲ್ಲಿ ನನ್ನ ಏಣು ತೋರಿಸಿ, ಇದು ಬೇಡ ಎಂದು ರೆಪ್ಪೆ ಬಡಿದೆ. ಅವರು ನಕ್ಕು ತಲೆಯಾಡಿಸಿದರು. ಅಬ್ಬಾ, ಎಷ್ಟು ಬೇಗ ಅರ್ಥವಾಯಿತು ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ.

ಸರ್ರನೆ ಸೀಳಿದೆವು. ಕಡ್ಡಿ ಎರಡು ಹೋಳಾಯಿತು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು.

"ಬ್ಯಾರೆ ಏಣು ಇಡೀರಿ ಅಂತ ಕಣ್ಣಲ್ಲಿ ಏಳ್ನಿಲ್ವಾ?" ಅಂದೆ.

"ನೀವು ಇದೇ ಏಣು ತೋರುಸ್ದ್ರಿ" ಎಂದರು ಅವರು. "ಎಣ್ಣು ಏನ್ ಮಾಡ್ತಳೋ ಅದ್ನೇ ಮಾಡು ಅಂತ ನಮ್ಮವ್ವನೂ ಏಳ್ಕೊಟ್ಟಿತ್ತು."

"ರೆಪ್ಪ ಬಡುದ್ರ ಬ್ಯಾಡ ಅಂತ."

"ಇಲ್ಲ. ರೆಪ್ಪ ಬಡುದ್ರ ಹೂಂ ಅಂತ."

ನನಗೆ ಆಶ್ಚರ್ಯ. ಬಸ್ಸಿನಲ್ಲಿ ಒಂದು ದಿನವೂ ಇಲ್ಲ ಎನ್ನದ ಬಾಯಿ. ಇನ್ನೊಂದು ಕಡ್ಡಿ ತರುತ್ತೇನೆ ಎಂದು ರೇಷ್ಮೆ ಸೀರೆ ಎತ್ತಿ ಕಟ್ಟಿ ಕೆರೆಗಿಳಿದೆ. "ಅಲ್ಲಿ ಕೆಸರದ, ಈ ಕಡೆಯಿಂದ ಇಳೀರಿ" ಎಂದು ಅವರು ಕೂಗಿದರು. ನಾನು ಅವರ ಮಾತು ಯಾಕೆ ಕೇಳಲಿ? ಮೊಣಕಾಲಿನವರೆಗೆ ಹೂತುಕೊಂಡೆ. ನನ್ನನ್ನು ಎಳೆಯಲು ಬಂದವರು ಇಸ್ತ್ರಿ ಪ್ಯಾಂಟಿನ ಸಮೇತ ನನ್ನ ಪಕ್ಕದಲ್ಲೇ ಹೂತುಕೊಂಡರು. ಇಬ್ಬರ ಕೈಯಲ್ಲೂ ಜೊಂಡಿನ ಬುಡ, ಕಾಲು ಮೇಲಕ್ಕೆ ಬರುತ್ತಿಲ್ಲ, ಆದರೂ ರೆಪ್ಪೆ ಬಡಿದರೆ ಏನರ್ಥ ಎಂಬ ಜಗಳ ನಿಂತಿಲ್ಲ. ಮೊದಲು ನಕ್ಕದ್ದು ನಾನೋ ಅವರೋ ಗೊತ್ತಿಲ್ಲ. ನಕ್ಕಷ್ಟೂ ಹೂತುಕೊಳ್ಳುತ್ತಿದ್ದೆವು. ನಮ್ಮಪ್ಪ ಹಗ್ಗ ತಂದು, ಕಬ್ಬಿನ ಗಾಡಿಯ ಎತ್ತನ್ನು ಗದರಿಸುವಂತೆ ಗದರಿಸುತ್ತ ಎಳೆದು ಹಾಕಿದ.

ದಡಕ್ಕೆ ಬಂದಾಗ ಅಜ್ಜಿ ಎಲೆಅಡಿಕೆ ಉಗಿಯಲೂ ಆಗದೆ ನುಂಗಲೂ ಆಗದೆ ನಗುತ್ತಿದ್ದಳು. ಆಮೇಲೆ ಬಾಯಿ ಒರೆಸಿಕೊಂಡು, ನಾವು ಬಿಸಾಕಿದ್ದ ಎರಡು ಹೋಳನ್ನೂ ಎತ್ತಿಕೊಂಡಳು. ನನ್ನ ನಗು ಅಲ್ಲೇ ನಿಂತಿತು. ಉಪ್ಪಿಟ್ಟು, ಬಸ್ಸು, ಎಲ್ಲ ಕಣ್ಣ ಮುಂದೆ ಬಂತು. ಇನ್ನೊಂದು ಕಡ್ಡಿ ಕೊಡು ಅಜ್ಜಿ, ನನಗೆ ಇವರೇ ಬೇಕು ಎಂದು ಎಲ್ಲರೆದುರಿಗೇ ಹೇಳಿಬಿಟ್ಟೆ.

"ಇನ್ನೊಂದ್ ಕೊಡಕ್ಕಿಲ್ಲ" ಎಂದಳು ಅಜ್ಜಿ. ಒಂದು ಹೋಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಬೆಂಡು ಕೆರೆಯುತ್ತ ಕೂತಳು. "ಒಳ್ಳೆ ನೀಟಾಗಿ ಸೀಳವ್ರ. ಮಂಚ ಆಗ್ನಿಲ್ಲ, ಚಾಪ ಆಯ್ತದ ಬುಡು."

ಅವರ ಅವ್ವನಿಗೆ ಅರ್ಥವಾಗಲಿಲ್ಲ. "ಅಂಗಂದ್ರ ಒಳ್ಳೇದೋ ಕೆಟ್ಟದ್ದೋ?" ಎಂದು ಕೇಳಿದರು.

"ಮಂಚದಿಂದ ಬಿದ್ದವ್ರ ಬೇಕಾದಷ್ಟ್ ಜನ್ವ ನೋಡಿವ್ನಿ ಕಣವ್ವ" ಎಂದಳು ಅಜ್ಜಿ. "ಚಾಪಯಿಂದ ಬಿದ್ದವ್ರ ಒಬ್ರುನ್ನೂ ನೋಡ್ನಿಲ್ಲ."

ಆ ಎರಡು ಹೋಳನ್ನೂ ಸೇರಿಸಿ ನೇಯ್ದ ಚಾಪೆಯನ್ನು ಅವಳು ಮದುವೆಗೆ ಕೊಟ್ಟಳು. ಅಪ್ಪ ತೇಗದ ಮಂಚ ಮಾಡಿಸಿಕೊಟ್ಟ. ಅದರ ಮೇಲೆ ಈಗ ಮಡಿಸದ ಬಟ್ಟೆಯ ರಾಶಿ ಮಲಗುತ್ತದೆ. ಗೆಟ್ಟವಾಡಿಯ ಮನೆಯಲ್ಲಿ ನಮ್ಮಿಬ್ಬರಿಗೆ ಕಿಟಕಿ ತೆಗೆಯುವುದರಿಂದ ಹಿಡಿದು ಸಾರಿಗೆ ಹುಳಿ ಹಾಕುವವರೆಗೆ ಒಂದರಲ್ಲೂ ಒಮ್ಮತವಿಲ್ಲ. ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುತ್ತಾರೆ.

ತವರಿಗೆ ಹೋದಾಗಲೆಲ್ಲ ಅಜ್ಜಿ ಜಗಲಿಯಲ್ಲಿ ಜೊಂಡು ಸೀಳುತ್ತ ಕೂತಿರುತ್ತಾಳೆ. ಚೆನ್ನಾಗಿದ್ದೀರಾ, ಉಂಡಿರಾ, ಯಾವುದನ್ನೂ ಕೇಳುವುದಿಲ್ಲ. ತಲೆಯನ್ನೂ ಎತ್ತದೆ, "ಬಿದ್ರಾ?" ಎನ್ನುತ್ತಾಳೆ.

"ಇಲ್ಲ ಅಜ್ಜಿ" ಎನ್ನುತ್ತೇವೆ, ಇಬ್ಬರೂ ಒಟ್ಟಿಗೆ.